ಐದರ ಒಂದು ನಾಣ್ಯ, ಎರಡರ ಒಂದು ನಾಣ್ಯ

ದೀಪಾವಳಿ ಅಮಾವಾಸ್ಯೆಯ ಸಂಜೆ ನಮ್ಮ ಯೂನಿಟ್‌ನಲ್ಲಿ ಲಕ್ಷ್ಮೀಪೂಜೆ ಇರುತ್ತದೆ. ಕಟಿಂಗ್ ಟೇಬಲ್ ಮೇಲಿನ ಡೆನಿಮ್ ಥಾನುಗಳನ್ನು ಸರಿಸಿ, ಬಿಳಿ ಬಟ್ಟೆ ಹಾಸಿ, ಹೊಸ ಕಿರ್ದಿ ಪುಸ್ತಕ ಇಡುತ್ತೇವೆ. ಮೊದಲ ಹಾಳೆಯಲ್ಲಿ ಮಾವ ಕುಂಕುಮದ ಬೆರಳಲ್ಲಿ ‘ಶ್ರೀ’ ಬರೆಯುತ್ತಾರೆ. ಆ ಕಡೆ ಶುಭ, ಈ ಕಡೆ ಲಾಭ. ನಡುವೆ ಎಲೆ, ಅಡಿಕೆ, ಒಂದು ರೂಪಾಯಿ. ಹೊಲಿಯುವವರು, ಹೆಲ್ಪರ್‌ಗಳು, ಇಸ್ತ್ರಿ ಹುಡುಗ, ಎಲ್ಲರೂ ಬಂದು ನಿಲ್ಲುತ್ತಾರೆ. ಮಂಗಳಾರತಿ ಆಗುತ್ತದೆ. ಪೇಢೆ ಹಂಚುತ್ತೇವೆ.

ನಾಲ್ಕು ವರ್ಷದ ಹಿಂದೆ ಹೀಗೇ ಪೇಢೆ ಹಂಚುವಾಗ, ದಾರ ಕತ್ತರಿಸುವ ಹೆಲ್ಪರ್ ಹುಡುಗಿ ಪುಸ್ತಕದೊಳಗೆ ಇಣುಕಿ ನೋಡಿದಳು. ಆಗಷ್ಟೇ ಪಿಯುಸಿ ಬಿಟ್ಟು ಬಂದವಳು. “ಅಕ್ಕಾ, ಇದ್ರಾಗ ಏನೂ ಬರ್ದೇ ಇಲ್ಲಲ್ರೀ” ಅಂದಳು. ಎಲ್ಲರೂ ನಕ್ಕರು. ಹೊಸ ಪುಸ್ತಕ ಕಣೇ ಅದು, ನಾಳೆಯಿಂದ ಬರೆಯೋದು ಅಂತ ನಾನೂ ನಕ್ಕೆ.

ರಾತ್ರಿ ಪಾತ್ರೆ ತೊಳೆಯುವಾಗ ಆ ಮಾತು ಮತ್ತೆ ನೆನಪಾಯಿತು. ಹೌದಲ್ವಾ? ವರ್ಷಕ್ಕೊಂದು ದಿನ ಎಲ್ಲರ ಮುಂದೆ ಪುಸ್ತಕ ಬಿಚ್ಚಿಡುತ್ತೇವೆ. ಅದೂ ಖಾಲಿ ಪುಸ್ತಕ. ಬರೆದು ತುಂಬಿದ್ದು ಮಾವನ ಕೋಣೆಯ ಅಲ್ಮಾರಿಯಲ್ಲಿ ಇರುತ್ತದೆ, ಬೀಗದ ಕೈ ಅತ್ತೆಯ ಸೊಂಟದಲ್ಲಿ.

ನಮ್ಮದು ಬಳ್ಳಾರಿಯಲ್ಲಿ ಕೌಲ್ ಬಜಾರಿನ ಕಡೆ ಇರುವ ಸಣ್ಣ ಜೀನ್ಸ್ ಯೂನಿಟ್. 16 ಮಷಿನ್, 24 ಜನ. ಈ ಊರಿಗೆ ಜೀನ್ಸ್ ಹೇಗೆ ಬಂತು ಅಂದರೆ ಹಳಬರು ಬ್ರಿಟಿಷರ ದಂಡಿನ ಕಾಲದಿಂದ ಶುರು ಮಾಡುತ್ತಾರೆ. ಸೈನಿಕರ ಬಟ್ಟೆ ಹೊಲಿಯಲು ಬಂದ ದರ್ಜಿಗಳು ಇಲ್ಲೇ ಉಳಿದರು, ಅವರ ಮಕ್ಕಳು ಮೊಮ್ಮಕ್ಕಳು ಪ್ಯಾಂಟಿಗೆ ಬಂದರು ಅಂತ. ಮಾವನೂ ಹೊಲಿಯುವವರಾಗಿಯೇ ಶುರು ಮಾಡಿದವರು. ನಾನು ಬಿಕಾಂ ಮಾಡಿ ಈ ಮನೆಗೆ ಸೊಸೆಯಾಗಿ ಬಂದೆ. ಪಾರ್ಟಿಗಳ, ಅಂದರೆ ನಮ್ಮ ಮಾಲು ಕೊಳ್ಳುವವರ, ಹತ್ತಿರ ಓಡಾಡುವುದು ನನ್ನ ಗಂಡ. ಲೆಕ್ಕ ನನ್ನದು.

ಆ ದೀಪಾವಳಿ ಆದಮೇಲೆ ಒಂದು ದಿನ ಕಟಿಂಗ್ ಮಾಸ್ಟರ್ ಹತ್ತಿರ ಸುಮ್ನೆ ಕೇಳಿದೆ. “ಮಾಸ್ಟ್ರೇ, ಒಂದು ಪ್ಯಾಂಟಿಗೆ ನಮಗೆಷ್ಟು ಉಳೀತದೆ ಅಂದ್ಕೊಂಡಿದೀರಿ?” ಅವರು ಕತ್ತರಿ ಕೆಳಗಿಡಲಿಲ್ಲ. “ನೂರು ಅಂತಾರ ಹುಡುಗ್ರು. ನಾನು ಎಂಬತ್ತು ಅಂತೀನಿ.” ಎಂಬತ್ತು ಹೇಗೆ ಅಂದರೆ ಅವರ ಹತ್ತಿರ ಪೂರಾ ಲೆಕ್ಕ ಇತ್ತು. ಪ್ಯಾಂಟಿಗೆ ಹಚ್ಚುವ ಟ್ಯಾಗಿನ ಮೇಲಿನ ರೇಟು, ನಾವು ತಗೊಂಡ ಹೊಸ ಸ್ಕೂಟಿ, ಮನೆಯ ಗೃಹಪ್ರವೇಶದಲ್ಲಿ ಎಷ್ಟು ಎಲೆ ಹಾಕಿದೆವು, ಮಗನನ್ನು ಯಾವ ಸ್ಕೂಲಿಗೆ ಹಾಕಿದೆವು. ನಾವು ಪುಸ್ತಕ ಮುಚ್ಚಿಟ್ಟಿದ್ದರೆ ಅವರು ನಮ್ಮ ಮೇಲೆ ಇನ್ನೊಂದು ಪುಸ್ತಕ ಬರೆಯುತ್ತಿದ್ದರು. ಅದರಲ್ಲಿ ಗೃಹಪ್ರವೇಶದ ಊಟ ಜಮಾ ಆಗಿತ್ತು, ಆ ಮನೆಯ ಬ್ಯಾಂಕ್ ಸಾಲ ಆಗಿರಲಿಲ್ಲ.

ಅದೇ ದಿನಗಳಲ್ಲಿ ಫೋನಿನಲ್ಲಿ ಏನೋ ಓದುತ್ತಾ ‘ಓಪನ್ ಬುಕ್ ಮ್ಯಾನೇಜ್‌ಮೆಂಟ್’ ಅನ್ನುವ ಮಾತು ಸಿಕ್ಕಿತು. ಹೆಸರು ದೊಡ್ಡದು, ವಿಷಯ ಸರಳ. ಕೆಲಸ ಮಾಡುವ ಎಲ್ಲರಿಗೂ ವ್ಯಾಪಾರದ ಲೆಕ್ಕ ತೋರಿಸುವುದು, ಅದನ್ನು ಓದಲು ಕಲಿಸುವುದು, ಉಳಿದದ್ದರಲ್ಲಿ ಪಾಲು ಕೊಡುವುದು. ಹೆಚ್ಚು ಹೇಳುವ ಕಥೆ ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನದು. ಅಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಗೆ ಹಳೇ ಎಂಜಿನ್ ರಿಪೇರಿ ಮಾಡುವ ಕಾರ್ಖಾನೆ ಇತ್ತು. ಕಂಪನಿ ಮುಳುಗುವ ಹಂತಕ್ಕೆ ಬಂದಾಗ, 1983ರಲ್ಲಿ ಜ್ಯಾಕ್ ಸ್ಟ್ಯಾಕ್ ಮತ್ತು ಅವನ ಜೊತೆಯ 12 ಜನ ಸೇರಿ ಆ ಕಾರ್ಖಾನೆಯನ್ನೇ ಕೊಂಡರು. ಕೈಯಿಂದ ಹಾಕಿದ್ದು 1 ಲಕ್ಷ ಡಾಲರ್. ಸಾಲ 89 ಲಕ್ಷ ಡಾಲರ್. ಇದನ್ನು ಓದಿ ಹೇಳಿದಾಗ ನನ್ನ ಗಂಡ “ಅವರಿಗೆ ಆ ಬ್ಯಾಂಕ್ ಮ್ಯಾನೇಜರ್ ಅಡ್ರೆಸ್ ಕೇಳು” ಅಂದರು.

ಅಷ್ಟು ಸಾಲ ತಲೆ ಮೇಲಿದ್ದಾಗ ಒಂದು ತಪ್ಪು ಹೆಜ್ಜೆ ಇಟ್ಟರೂ ಮುಗಿಯಿತು. ಮೇಲಿನ ನಾಲ್ಕು ಜನ ಮಾತ್ರ ಲೆಕ್ಕ ನೋಡಿಕೊಂಡು ಕೂತರೆ ಸಾಲದು. ಹಾಗಾಗಿ ಅವರು ವಾರ ವಾರ ಎಲ್ಲರನ್ನೂ ಸೇರಿಸಿ ಖರ್ಚು, ಆದಾಯ, ಕೈಯಲ್ಲಿರುವ ನಗದು ಎಲ್ಲ ತೋರಿಸತೊಡಗಿದರು. ನೌಕರರಿಗೆ ಷೇರಿನಲ್ಲೂ ಪಾಲು ಕೊಟ್ಟರು. ನನಗೆ ಹಿಡಿಸಿದ್ದು ಆ ಭಯ. ಇದು ದೊಡ್ಡ ಮನಸ್ಸಿನಿಂದ ಹುಟ್ಟಿದ ಪದ್ಧತಿ ಅಂದಿದ್ದರೆ ನಾನು ಅಲ್ಲಿಗೇ ಓದುವುದು ಬಿಡುತ್ತಿದ್ದೆ. ಸಾಲ ಕಟ್ಟಲಾಗದ ಹೆದರಿಕೆಯಿಂದ ಹುಟ್ಟಿದ್ದು ಅಂದಾಗ, ಓಹೋ ಇವರು ನಮ್ಮವರೇ ಅನ್ನಿಸಿತು.

ಮಾವನಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮನೀ ಲೆಕ್ಕ ಮಂದಿ ಮುಂದ ಹೇಳ್ತಾರೇನವ್ವಾ?” ಅಂದರು.

ಅವರು ಮನೆ ಲೆಕ್ಕ ಅಂದಿದ್ದರು, ಯೂನಿಟ್ ಲೆಕ್ಕ ಅನ್ನಲಿಲ್ಲ. ಬಾಯಿ ತಪ್ಪಿ ಬಂದ ಮಾತಲ್ಲ ಅದು. ನಮ್ಮಲ್ಲಿ ಎರಡೂ ಒಂದೇ ಗಲ್ಲಾಪೆಟ್ಟಿಗೆ. ಮನೆಗೆ ಗ್ಯಾಸ್ ಸಿಲಿಂಡರ್ ಬಂದರೆ ಯೂನಿಟ್‌ನ ದುಡ್ಡು. ದಾರದ ಅಂಗಡಿಗೆ ಅರ್ಜೆಂಟಾಗಿ ಕೊಡಬೇಕಾದರೆ ನನ್ನ ಬಳೆ ಬ್ಯಾಂಕಿಗೆ. ನಾದಿನಿಯ ಸೀಮಂತದ ಖರ್ಚು ‘ಇತರೆ’ ಅಂತ ಕಿರ್ದಿಯಲ್ಲಿದೆ, ನಾನೇ ಬರೆದದ್ದು. ಇಂಥ ಪುಸ್ತಕ ತೋರಿಸುವುದಾದರೂ ಹೇಗೆ? ತೋರಿಸಿದರೂ ಅದರಲ್ಲಿ ವ್ಯಾಪಾರ ಯಾವುದು ಅಂತ ನನಗೇ ಗೊತ್ತಾಗುವುದಿಲ್ಲ.

ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಅದಕ್ಕೂ ಮೊದಲು ನಮ್ಮಂಥ ವ್ಯಾಪಾರದಲ್ಲಿ ಕಚ್ಚಾ ಬಿಲ್ಲು, ಪಕ್ಕಾ ಬಿಲ್ಲು ಎರಡೂ ಓಡಾಡುತ್ತಿದ್ದವು. ಎರಡು ಪುಸ್ತಕ ಇಟ್ಟವನು ಯಾವುದನ್ನು ತೆರೆಯುತ್ತಾನೆ? ಸಣ್ಣ ವ್ಯಾಪಾರಿಗಳು ನೌಕರರಿಗೆ ಲೆಕ್ಕ ಯಾಕೆ ತೋರಿಸುವುದಿಲ್ಲ ಅನ್ನುವುದಕ್ಕೆ ಮ್ಯಾನೇಜ್‌ಮೆಂಟ್ ಓದಿದವರು ಏನೇನೋ ಕಾರಣ ಕೊಡುತ್ತಾರೆ. ಈ ಕಾರಣವನ್ನು ಬರೆದವರನ್ನು ನಾನು ನೋಡಿಲ್ಲ.

ಆರು ತಿಂಗಳು ಹಿಡಿಯಿತು ಮನೆಯನ್ನೂ ಯೂನಿಟ್ಟನ್ನೂ ಬೇರೆ ಮಾಡಲು. ಬೇರೆ ಬ್ಯಾಂಕ್ ಖಾತೆ ಮಾಡಿಸಿದೆ. ನನಗೂ ಗಂಡನಿಗೂ ಸೇರಿ ತಿಂಗಳಿಗೆ 60 ಸಾವಿರ ಪಗಾರ ಅಂತ ಬರೆದೆ. ಅದರೊಳಗೇ ಮನೆ ನಡೆಯಬೇಕು. ಈ ಒಂದು ವಿಷಯಕ್ಕೆ ನಮ್ಮ ಮನೆಯಲ್ಲಿ ಆದ ಜಗಳ ಗೃಹಪ್ರವೇಶದಲ್ಲೂ ಆಗಿರಲಿಲ್ಲ. “ನಮ್ ಅಂಗಡ್ಯಾಗ ನಮಗ ಪಗಾರ?” ಅಂತ ಅತ್ತೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಮೊದಲ ಸಭೆ ಒಂದು ಶನಿವಾರ, ಬಟವಾಡೆಗೆ ಮುಂಚೆ. ಸಭೆ ಅಂದರೆ ಎಲ್ಲರೂ ಹೆದರುತ್ತಾರೆ ಅಂತ ಮಂಡಾಳು ಒಗ್ಗರಣೆ, ಮಿರ್ಚಿ ತರಿಸಿದ್ದೆ. ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸುವ ಯೋಚನೆ ಇತ್ತು. ಆದರೆ ನಮ್ಮಲ್ಲಿ ಕೆಲವರಿಗೆ ಕನ್ನಡ ಓದಲು ಬರುತ್ತದೆ, ಕೆಲವರಿಗೆ ಉರ್ದು, ಕೆಲವರು ತೆಲುಗು, ನಾಲ್ಕೈದು ಜನಕ್ಕೆ ಯಾವುದೂ ಇಲ್ಲ. ದುಡ್ಡು ಎಣಿಸಲು ಮಾತ್ರ ಎಲ್ಲರಿಗೂ ಬರುತ್ತದೆ. ಹಾಗಾಗಿ ಕಟಿಂಗ್ ಟೇಬಲ್ ಮೇಲೆ ನೋಟು, ಚಿಲ್ಲರೆ ಸೇರಿಸಿ 340 ರೂಪಾಯಿ ಸುರಿದೆ. ಪಕ್ಕದಲ್ಲಿ ಒಂದು ಪ್ಯಾಂಟು. ಪಾರ್ಟಿ ನಮಗೆ ಕೊಡುವುದು ಇಷ್ಟು, ಜಿಎಸ್‌ಟಿ ಬಿಟ್ಟು.

ಬಟ್ಟೆಗೆ 174 ತೆಗೆದು ಥಾನಿನ ಮೇಲಿಟ್ಟೆ. ಅಲ್ಲಿಗೇ ಅರ್ಧಕ್ಕಿಂತ ಜಾಸ್ತಿ ಹೋಯಿತು. ಹೊಲಿಗೆಗೆ 46, ಅದನ್ನು ಹೊಲಿಯುವವರಲ್ಲಿ ಹಿರಿಯರ ಕೈಗೆ ಕೊಟ್ಟೆ. ವಾಷಿಂಗ್‌ಗೆ 38. ಜಿಪ್, ಬಟನ್, ರಿವೆಟ್, ಲೇಬಲ್, ದಾರಕ್ಕೆ 24. ಕಟಿಂಗ್, ದಾರ ಕತ್ತರಿಸುವುದು, ಇಸ್ತ್ರಿ, ಪ್ಯಾಕಿಂಗ್ ಸೇರಿ 18. ಬಾಡಿಗೆ, ಕರೆಂಟು, ಮಷಿನ್ ರಿಪೇರಿ 14. ಬ್ಯಾಂಕಿನ ಬಡ್ಡಿ 9. ಟೇಬಲ್ ಮೇಲೆ ಉಳಿದದ್ದು 17 ರೂಪಾಯಿ. ತಿಂಗಳಿಗೆ ಸುಮಾರು 6,000 ಪ್ಯಾಂಟು. ನಮ್ಮಿಬ್ಬರ ಪಗಾರ ಪ್ಯಾಂಟಿಗೆ 10 ರೂಪಾಯಿ ಬಿತ್ತು, ಅದನ್ನು ನಾನು ತಗೊಂಡೆ. ಉಳಿದದ್ದು ಐದರ ಒಂದು ನಾಣ್ಯ, ಎರಡರ ಒಂದು ನಾಣ್ಯ.

ಯಾರೂ ಮಾತಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ. ಆಮೇಲೆ ಓವರ್‌ಲಾಕ್ ಮಷಿನ್‌ನವನು ಕೇಳಿದ: “ಇದೆಲ್ಲ ತೋರ್ಸಿ ರೇಟು ಕಡಿಮಿ ಮಾಡಕ್ಕೇನಕ್ಕಾ?”

ನ್ಯಾಯವಾದ ಪ್ರಶ್ನೆ. ಮಾಲೀಕ ತಾನಾಗಿ ಲೆಕ್ಕ ತೋರಿಸುವುದು ಯಾವಾಗ? ನಷ್ಟ ಆದಾಗ, ಪಗಾರ ಕಡಿತ ಮಾಡಬೇಕಾದಾಗ. ಅದನ್ನೇ ಅವರು ಕಂಡಿದ್ದು. ರೇಟು ಮುಟ್ಟುವುದಿಲ್ಲ ಅಂದೆ. ನಂಬಿದರು ಅಂತ ನನಗೇನೂ ಅನ್ನಿಸಲಿಲ್ಲ. ಮಿರ್ಚಿ ಖಾಲಿಯಾಯಿತು, ಬಟವಾಡೆ ತಗೊಂಡು ಹೋದರು.

ಮುಂದಿನ ಶನಿವಾರ ಆ ಹೆಲ್ಪರ್ ಹುಡುಗಿ ಮತ್ತೆ. “ಅಕ್ಕಾ, ಸೆಕೆಂಡ್ಸ್ ಎಲ್ಲಿ ಬರ್ದೀರಿ?”

ಸೆಕೆಂಡ್ಸ್ ಅಂದರೆ ಡ್ಯಾಮೇಜ್ ಆದ ಪ್ಯಾಂಟು. ಅದನ್ನು ಪಾರ್ಟಿ ತಗೊಳ್ಳುವುದಿಲ್ಲ, ಸಂತೆಯಲ್ಲಿ ಮಾರುವವರಿಗೆ 200ಕ್ಕೆ ಕೊಡುತ್ತೇವೆ. ಆ ಲೆಕ್ಕ ನಾನು ಬೇರೆ ನೋಟ್‌ಬುಕ್ಕಿನಲ್ಲಿ ಇಟ್ಟಿದ್ದೆ, ಮಾವ ಹಾಗೇ ಇಟ್ಟುಕೊಂಡು ಬಂದಿದ್ದರು ಅಂತ. ಕೂತು ಎಣಿಸಿದರೆ ನೂರಕ್ಕೆ ನಾಲ್ಕು ಸೆಕೆಂಡ್ಸ್. ಒಂದೊಂದಕ್ಕೆ 140 ರೂಪಾಯಿ ಲುಕ್ಸಾನು. ಹಂಚಿದರೆ ಪ್ರತಿ ಪ್ಯಾಂಟಿಗೆ ಐದೂವರೆ ರೂಪಾಯಿ! ಬಿಕಾಂ ಓದಿದವಳು ನಾನು, ಏಳು ರೂಪಾಯಿ ಉಳೀತದೆ ಅಂತ ನಾಣ್ಯ ಇಟ್ಟು ನಾಟಕ ಮಾಡಿದ್ದೆ. ನಿಜವಾಗಿ ಉಳಿಯುತ್ತಿದ್ದದ್ದು ಒಂದೂವರೆ. ಟೇಬಲ್ ಮೇಲಿದ್ದ ಐದರ ನಾಣ್ಯ ಸುಳ್ಳು.

ಅದನ್ನು ಎಲ್ಲರ ಮುಂದೆ ಹೇಳಿದೆ. ಹೇಳುವಾಗ ಕಿವಿ ಬಿಸಿಯಾಗಿತ್ತು. ನನ್ನ ಲೆಕ್ಕದಲ್ಲಿ ತಪ್ಪಿದೆ ಅಂತ ಗೊತ್ತಾದ ಮೇಲೇ ಅವರು ಲೆಕ್ಕದ ಬಗ್ಗೆ ಮಾತಾಡಲು ಶುರು ಮಾಡಿದ್ದು. ಸೆಕೆಂಡ್ಸ್ ಯಾಕೆ ಆಗ್ತಿವೆ ಅನ್ನುವುದು ಅವರಿಗೆಲ್ಲ ಗೊತ್ತಿತ್ತು. ವಾಷಿಂಗ್‌ನಿಂದ ಬರುವಾಗ ಹಿಂದಿನ ಜೇಬಿನ ಮೂಲೆ ಕಿತ್ತಿರುತ್ತದೆ. ಜೇಬಿನ ಮೂಲೆಗೆ ಬಾರ್‌ಟ್ಯಾಕ್, ಅಂದರೆ ಕಿತ್ತು ಬಾರದಂತೆ ಹಾಕುವ ಒತ್ತು ಹೊಲಿಗೆ, ಹೊಡೆಯುವವರು ಅವಸರದಲ್ಲಿ ಬಟ್ಟೆಯ ಅಂಚಿಗೇ ಹೊಡೆಯುತ್ತಾರೆ. ಯಾಕೆ ಅವಸರ? ನಾವು ಪೀಸ್ ಲೆಕ್ಕದಲ್ಲಿ ಕೊಡುತ್ತೇವೆ, ಎಷ್ಟು ಹೊಡೆದರೆ ಅಷ್ಟು. ಕಿತ್ತು ಬಂದರೆ ಅವರಿಗೇನೂ ಕಡಿಮೆ ಆಗುವುದಿಲ್ಲ. ನಾವು ಬೈಯುತ್ತಿದ್ದದ್ದು ವಾಷಿಂಗ್‌ನವರಿಗೆ. ಪಾಪ, ಎಷ್ಟು ವರ್ಷ!

ಬಾರ್‌ಟ್ಯಾಕ್ ಒಂದನ್ನು ಪೀಸ್ ರೇಟಿನಿಂದ ತೆಗೆದು ದಿನದ ಪಗಾರಕ್ಕೆ ತಂದೆವು. ಅದು ನನ್ನ ಐಡಿಯಾ ಅಲ್ಲ. ಮೂರು ತಿಂಗಳಲ್ಲಿ ಸೆಕೆಂಡ್ಸ್ ನೂರಕ್ಕೆ ಒಂದೂವರೆಗೆ ಇಳಿಯಿತು. ಅಂದರೆ ಇನ್ನೂರು ಪ್ಯಾಂಟಿಗೆ ಮೂರು.

ಪಾಲಿನ ಮಾತು ಬಂದದ್ದು ಆಗ. ತಿಂಗಳಿಗೆ ಈಗ ಉಳಿಯುವುದು ಹೆಚ್ಚು ಕಡಿಮೆ 29 ಸಾವಿರ. ಅದರಲ್ಲಿ 20 ಸಾವಿರ ಯೂನಿಟ್‌ಗೆ ಇರಲಿ, ಕಷ್ಟಕ್ಕೆ ಬೇಕು. ಅದರ ಮೇಲಿನದರಲ್ಲಿ ಮೂರನೇ ಒಂದು ಭಾಗ ಕೆಲಸದವರಿಗೆ. ಇದಕ್ಕೆ ಕಾನೂನಿನ ತೊಡಕೇನಾದರೂ ಇದೆಯಾ ಅಂತ ನಮ್ಮ ಆಡಿಟರ್ ಹತ್ತಿರ ಕೇಳಿದೆ. ಲಾಭದ ಪಾಲು ಕೊಟ್ಟ ಮಾತ್ರಕ್ಕೆ ನೌಕರ ಪಾಲುದಾರ ಆಗುವುದಿಲ್ಲ, 1932ರ ಪಾಲುದಾರಿಕೆ ಕಾಯ್ದೆಯ 6ನೇ ಕಲಮಿನಲ್ಲೇ ಅದನ್ನು ಬಿಡಿಸಿ ಹೇಳಿದ್ದಾರೆ ಅಂದರು. ಕಾನೂನಿನ ಬೋನಸ್ಸು ಬೇರೆ. 20ಕ್ಕಿಂತ ಕಡಿಮೆ ಇಲ್ಲದಷ್ಟು ಜನ ಇರುವ ಕಡೆ ಕನಿಷ್ಠ ಶೇಕಡಾ 8.33 ಕೊಡಲೇಬೇಕು, ನಷ್ಟವಾದರೂ ಸರಿ. ನಮ್ಮ ಊರಲ್ಲಿ ಅದನ್ನು ದೀಪಾವಳಿಯ ‘ಖುಷಿ’ ಅಂತ ಕೊಡುವ ರೂಢಿ. ಬಾಕಿ ಕೊಡಬೇಕಾದ್ದನ್ನು ಖುಷಿ ಅಂತ ಕೊಟ್ಟು ಕೈ ಮುಗಿಸಿಕೊಳ್ಳುವುದರಲ್ಲಿ ನಾವೂ ಹಿಂದೆ ಬಿದ್ದವರಲ್ಲ.

ಪಾಲು ಎಷ್ಟು ಬಂತು ಅಂದರೆ ನಗಬೇಡಿ. ಮೂರು ತಿಂಗಳಿಗೆ ತಲೆಗೆ 400 ರೂಪಾಯಿಗೂ ಕಡಿಮೆ. ಅದನ್ನು ಹಂಚುವ ಬಗ್ಗೆ ಮಾತ್ರ ಒಂದು ತಿಂಗಳು ವಾದ. ಪಗಾರಕ್ಕೆ ತಕ್ಕಂತೆ ಕೊಡಿ ಅಂತ ಕಟಿಂಗ್ ಮಾಸ್ಟರ್. ಎಲ್ಲರಿಗೂ ಸಮ ಅಂತ ಹೆಲ್ಪರ್‌ಗಳು. ನಾನು ಲಿಜ್ಜತ್ ಪಾಪಡ್ ಕಥೆ ಹೇಳಿದೆ. 1959ರಲ್ಲಿ ಮುಂಬೈನಲ್ಲಿ 7 ಜನ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಶುರು ಮಾಡಿದ್ದು, ಅಲ್ಲಿ ಲಟ್ಟಿಸುವವರೇ ಒಡತಿಯರು, ಲಾಭ ನಷ್ಟ ಎರಡೂ ಅವರದೇ ಅಂತ. ಮಾಸ್ಟರ್ ಕೇಳಿಸಿಕೊಂಡು, “ಹಪ್ಪಳ ಎಲ್ರೂ ಲಟ್ಟಿಸ್ತಾರಕ್ಕಾ. ಇಲ್ಲಿ ಕಟಿಂಗ್ ಎಲ್ರಿಗೂ ಬರ್ತದೇನು?” ಅಂದರು. ಕೊನೆಗೆ ಅರ್ಧ ಸಮ, ಅರ್ಧ ಪಗಾರದ ಲೆಕ್ಕ ಅಂತ ಆಯಿತು. ಯಾರಿಗೂ ಪೂರ್ತಿ ಒಪ್ಪಿಗೆ ಇಲ್ಲ.

ಮುಂದಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಎರಡನೇ ವರ್ಷ ಒಂದು ಪಾರ್ಟಿ ನಮಗೆ ಕೈ ಎತ್ತಿದರು. 3 ಲಕ್ಷ 60 ಸಾವಿರ ಉದ್ರಿ. ಸಣ್ಣ ಉದ್ದಿಮೆಗೆ ಕೊಡಬೇಕಾದ ದುಡ್ಡು 45 ದಿನದೊಳಗೆ ಕೊಡಬೇಕು ಅಂತ 2006ರಿಂದ ಕಾನೂನಿದೆ. ಪಾರ್ಟಿಗಳು ಕೊಡುವುದು ಹಬ್ಬಕ್ಕೆ. ಯಾವ ಹಬ್ಬಕ್ಕೆ ಅಂತ ಕೇಳಬಾರದು. ಈ ಪಾರ್ಟಿ ಅಂಗಡಿಯನ್ನೇ ಮುಚ್ಚಿಕೊಂಡು ಹೋದರು. ಒಂದು ವರ್ಷ ಉಳಿಸಿದ್ದಷ್ಟೂ ಅದಕ್ಕೇ ಹೋಯಿತು.

ಅಷ್ಟರಲ್ಲಿ ಶನಿವಾರದ ಲೆಕ್ಕವನ್ನು ಬೋರ್ಡಿನ ಮೇಲೂ ಬರೆಯುತ್ತಿದ್ದೆ. ಇದನ್ನೂ ಬರೆಯಬೇಕಿತ್ತು. ಬರೆಯಲಿಲ್ಲ. ಆ ಶನಿವಾರ ತಲೆನೋವು ಅಂದೆ. ಮುಂದಿನ ವಾರ ದುರ್ಗಮ್ಮನ ಸಿಡಿಬಂಡಿ, ಅರ್ಧ ಜನ ರಜೆ, ಸಭೆ ಬೇಡ ಅಂದೆ. ಗಂಡ ವಸೂಲಿಗೆ ಅಂತ ಊರೂರು ಸುತ್ತುತ್ತಿದ್ದರು. ನಾನು ಬೋರ್ಡ್ ಒರೆಸಿ ಇಟ್ಟಿದ್ದೆ. ಮೂರನೇ ವಾರ ನಾಲ್ಕು ಜನ ಹೊಲಿಯುವವರು ಕೆಲಸಕ್ಕೆ ಬರಲಿಲ್ಲ. ಮುಂಡರಗಿ ಕಡೆಯ ಬೇರೆ ಯೂನಿಟ್‌ಗೆ ಸೇರಿಕೊಂಡಿದ್ದರು. ಅಕ್ಕ ಯೂನಿಟ್ ಮುಚ್ತಾರೆ, ಮಷಿನ್ ಮಾರಕ್ಕೆ ಕೊಟ್ಟಾರೆ ಅಂತ ಸುದ್ದಿ ಹಬ್ಬಿತ್ತು.

ಮೊದಲು ಹೀಗಾಗುತ್ತಿರಲಿಲ್ಲ. ಬೋರ್ಡೇ ಇಲ್ಲದಿದ್ದ ಕಾಲದಲ್ಲಿ ಪಾರ್ಟಿ ಮುಳುಗಿಸಿದರೂ ಕೆಲಸದವರಿಗೆ ಗೊತ್ತಾಗುತ್ತಿರಲಿಲ್ಲ, ಅವರು ನಮ್ಮನ್ನು ಶ್ರೀಮಂತರು ಅಂದುಕೊಂಡೇ ಹೊಲಿಯುತ್ತಿದ್ದರು. ಒಮ್ಮೆ ತೋರಿಸಲು ಶುರು ಮಾಡಿದಮೇಲೆ ಖಾಲಿ ಬೋರ್ಡೂ ಒಂದು ಸುದ್ದಿ. ಹೆಲ್ಪರ್ ಹುಡುಗಿ ಹೇಳಿದ್ದು ಇಷ್ಟೇ: “ನೀವು ಬರೀಲಿಲ್ಲ, ನಾವು ಬರ್ಕೊಂಡ್ವಿ.” ನಾಲ್ಕರಲ್ಲಿ ಇಬ್ಬರು ವಾಪಸ್ ಬಂದರು. ಇನ್ನಿಬ್ಬರು ಬರಲಿಲ್ಲ. ಅವರಲ್ಲಿ ಒಬ್ಬರು ಮಾವನ ಕಾಲದಿಂದ ಇದ್ದವರು.

ಆ ವರ್ಷ ಪಾಲು ಸೊನ್ನೆ. ಸೊನ್ನೆಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ.

ಇಷ್ಟೆಲ್ಲ ಆದಮೇಲೆ ಒಡೆತನದ ಯೋಚನೆ ಬಂತು. ನಷ್ಟದಲ್ಲಿ ಅವರೂ ಇದ್ದರಲ್ಲ, ಯೂನಿಟ್‌ನಲ್ಲೇ ಅವರಿಗೆ ಪಾಲು ಯಾಕೆ ಇರಬಾರದು? ಆಡಿಟರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. ನಮ್ಮದು ಒಬ್ಬರ ಹೆಸರಿನ ಫರ್ಮು. ಅದರಲ್ಲಿ ಷೇರು ಅನ್ನುವುದೇ ಇಲ್ಲ. ಪಾಲುದಾರಿಕೆ ಮಾಡಿದರೆ ಸಾಲಕ್ಕೆ ಎಲ್ಲ ಪಾಲುದಾರರೂ ಹೊಣೆ. ಅಂದರೆ ಪಾರ್ಟಿ ಮುಳುಗಿಸಿದರೆ ಬ್ಯಾಂಕಿನವರು ಹೆಲ್ಪರ್ ಹುಡುಗಿಯ ಮನೆ ಬಾಗಿಲಿಗೂ ಬರಬಹುದು. ಅದು ಉಪಕಾರವಾ? ಪ್ರೈವೇಟ್ ಲಿಮಿಟೆಡ್ ಮಾಡಿದರೆ 2013ರ ಕಂಪನಿ ಕಾಯ್ದೆಯ 62ನೇ ಕಲಮಿನಲ್ಲಿ ನೌಕರರಿಗೆ ಷೇರು ಕೊಡುವ ದಾರಿ ಇದೆ. ಇವತ್ತು ಕೊಟ್ಟರೆ ಕೈಗೆ ಬರಲು ಕನಿಷ್ಠ 1 ವರ್ಷ ಕಾಯಬೇಕು. ಇನ್ಫೋಸಿಸ್‌ನಂಥವರು ಕೊಟ್ಟ ಷೇರನ್ನು ಪೇಟೆಯಲ್ಲಿ ಮಾರಬಹುದು. ನಮ್ಮ ಷೇರು ಯಾರು ಕೊಳ್ಳುತ್ತಾರೆ? ಬಿಟ್ಟು ಹೋಗುವವರ ಷೇರನ್ನು ನಾವೇ ದುಡ್ಡು ಕೊಟ್ಟು ವಾಪಸ್ ತಗೋಬೇಕು. ಅಮೆರಿಕದಲ್ಲಿ ಈ ಪದ್ಧತಿ ಇರುವ ಕಂಪನಿಗಳಿಗೂ ಇದೇ ದೊಡ್ಡ ತಲೆನೋವು. ಹಿರಿಯರು ಒಟ್ಟಿಗೆ ನಿವೃತ್ತರಾದ ವರ್ಷ ಅವರ ಷೇರು ಕೊಳ್ಳಲು ದುಡ್ಡು ಹೊಂದಿಸಬೇಕು.

ಇನ್ನೂ ಒಂದು ಅಪಾಯ. ಯುನೈಟೆಡ್ ಏರ್‌ಲೈನ್ಸ್‌ನ ನೌಕರರು 1994ರಲ್ಲಿ ಪಗಾರ ಬಿಟ್ಟುಕೊಟ್ಟು ಕಂಪನಿಯ ಶೇಕಡಾ 55 ಪಾಲು ತಗೊಂಡರು. 2002ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪಗಾರವೂ ಅಲ್ಲೇ, ಉಳಿತಾಯವೂ ಅಲ್ಲೇ ಇಟ್ಟವರ ಗತಿ ಏನು?

ಸಹಕಾರ ಸಂಘ? ನಮ್ಮ ಕಡೆಗೆ ಅದು ಹೊಸದಲ್ಲ. ದೇಶದ ಮೊಟ್ಟಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದೇ ಗದಗದ ಹತ್ತಿರದ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಪಾಟೀಲರಿಂದ. ಬೆಂಗಳೂರಿನ ಇಂಡಿಯನ್ ಕಾಫಿ ಹೌಸ್ ಗೊತ್ತಲ್ಲ? ಕಾಫಿ ಬೋರ್ಡು ಅಂಗಡಿಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳಕೊಂಡವರು 1957ರಲ್ಲಿ ಸಂಘ ಕಟ್ಟಿಕೊಂಡು ತಾವೇ ನಡೆಸಿದರು. ಆದರೆ ಗಮನಿಸಿ. ಅಲ್ಲಿ ಕೆಲಸಗಾರರು ಕೈಗೆ ತಗೊಂಡದ್ದು ಮಾಲೀಕ ಕೈಬಿಟ್ಟ ಮೇಲೆ. ನಾನು ಇದ್ದೀನಿ, ಮಾವ ಇದ್ದಾರೆ, ಮಗ ದೊಡ್ಡವನಾಗುತ್ತಿದ್ದಾನೆ. ಪೂರ್ತಿ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಸುಳ್ಳು ಯಾಕೆ ಹೇಳಲಿ?

ಕೆಲಸದವರನ್ನೇ ಕೇಳೋಣ ಅಂತ ಒಂದು ಶನಿವಾರ ಮಾತು ತೆಗೆದೆ. ಯಾರಿಗೂ ಉತ್ಸಾಹ ಇರಲಿಲ್ಲ. ಕಟಿಂಗ್ ಮಾಸ್ಟರ್ ಬೀಡಿ ಹಚ್ಚಲು ಹೊರಗೆ ಹೋದಾಗ ಹಿಂದೆಯೇ ಹೋದೆ. ಅವರು ನೆಲ ನೋಡುತ್ತಾ ಹೇಳಿದರು: “ನನ್ನ ಹೆಸರಿಗೆ ನಿಮ್ಮ ಪುಸ್ತಕದಾಗ 35 ಸಾವಿರ ಅಡ್ವಾನ್ಸ್ ಐತಿ. ಸಾಲಗಾರ ಹೆಂಗ ಮಾಲೀಕ ಆಗ್ತಾನಕ್ಕಾ?”

ಅಡ್ವಾನ್ಸ್! ಮಗಳ ಮದುವೆ, ಆಸ್ಪತ್ರೆ, ಮನೆ ಬಾಡಿಗೆ ಡಿಪಾಸಿಟ್ಟು, ಎಲ್ಲದಕ್ಕೂ ಕೆಲಸದವರು ಅಡ್ವಾನ್ಸ್ ತಗೊಳ್ಳುತ್ತಾರೆ, ವಾರ ವಾರ ಬಟವಾಡೆಯಲ್ಲಿ ಮುರಿದುಕೊಳ್ಳುತ್ತೇವೆ. ನಾವು ಅದನ್ನು ಸಹಾಯ ಅಂದುಕೊಂಡಿದ್ದೆವು. ಸಹಾಯವೂ ಹೌದು. ಒಳ್ಳೇ ಹೊಲಿಯುವವನನ್ನು ಬೇರೆ ಯೂನಿಟ್‌ಗೆ ಹೋಗದಂತೆ ಹಿಡಿದಿಡುವ ಹಗ್ಗವೂ ಹೌದು. ಇದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. 24 ಜನರಲ್ಲಿ 19 ಜನರ ಹೆಸರಿನ ಮುಂದೆ ನನ್ನ ಪುಸ್ತಕದಲ್ಲಿ ಬಾಕಿ ಇತ್ತು. ನಾನು ಶನಿವಾರ ಶನಿವಾರ ಯೂನಿಟ್‌ನ ಪುಟ ತೆರೆದು ತೋರಿಸುತ್ತಿದ್ದೆ, ಅವರ ಕಣ್ಣು ಮಾತ್ರ ಅದೇ ಪುಸ್ತಕದ ಹಿಂದಿನ ಪುಟಗಳ ಮೇಲಿತ್ತು. ಸ್ಪ್ರಿಂಗ್‌ಫೀಲ್ಡ್ ಬಗ್ಗೆ ನಾನು ಓದಿದ್ದರಲ್ಲಿ ಈ ಪುಟ ಇರಲಿಲ್ಲ.

ಅಡ್ವಾನ್ಸ್ ಪೂರ್ತಿ ನಿಲ್ಲಿಸಲು ಆಗಲಿಲ್ಲ. ನಿಲ್ಲಿಸಿದರೆ ಅವರು ಬಡ್ಡಿಯವರ ಹತ್ತಿರ ಹೋಗುತ್ತಾರೆ. ವಾರಕ್ಕೆ ಇಷ್ಟೇ ಮುರಿಯಬೇಕು ಅಂತ ಮಿತಿ ಹಾಕಿದೆವು. ಬಿಟ್ಟು ಹೋಗುವವರು ಬಾಕಿಯನ್ನು ಹೋದಮೇಲೂ ಕಂತಿನಲ್ಲಿ ಕೊಡಬಹುದು ಅಂತ ಬರೆದು ಕೊಟ್ಟೆವು. ಗಂಡ ಇದಕ್ಕೆ ಇವತ್ತಿಗೂ ಒಪ್ಪಿಲ್ಲ. ಒಬ್ಬ ಹಾಗೆ ಹೋಗಿ, ಕಂತೂ ಕೊಟ್ಟಿಲ್ಲ. ಇನ್ನೊಬ್ಬ ಪ್ರತಿ ತಿಂಗಳು ಫೋನ್‌ಪೇ ಮಾಡುತ್ತಾನೆ.

ಒಡೆತನದ ವಿಷಯ ಅಲ್ಲಿಗೇ ಬಿಟ್ಟಿದ್ದೆ. ಅದನ್ನು ಮತ್ತೆ ಎತ್ತಿದವರು ಅವರೇ. ಮೂರು ತಿಂಗಳಿಗೊಮ್ಮೆ ಬರುವ ಆ 400 ರೂಪಾಯಿ ಕೈಯಲ್ಲಿ ನಿಲ್ಲುವುದಿಲ್ಲ, ಹಂಚಬೇಡಿ, ಒಟ್ಟಿಗಿಡಿ ಅಂದರು. ಒಂದೂವರೆ ವರ್ಷದ ಪಾಲು ಸೇರಿದಾಗ 62 ಸಾವಿರ ಆಗಿತ್ತು. ಸೀಸನ್ ತಿಂಗಳುಗಳು ಒಳ್ಳೆಯದಿದ್ದವು. ಕಾಲಿನ ಹೊಲಿಗೆ ಹಾಕುವ ಫೀಡ್ ಆಫ್ ದಿ ಆರ್ಮ್ ಮಷಿನ್ ನಮ್ಮಲ್ಲಿ ಒಂದೇ ಇತ್ತು, ಯಾವಾಗಲೂ ಮಾಲು ಅಲ್ಲೇ ಬಂದು ನಿಲ್ಲುತ್ತಿತ್ತು. ಆ ದುಡ್ಡಿಗೆ ಅಂಥದೇ ಒಂದು ಸೆಕೆಂಡ್ ಹ್ಯಾಂಡ್ ಮಷಿನ್ ತಂದರು. ಮಷಿನ್ ಅವರದು. ನಾವು ಬಾಡಿಗೆ ಕೊಡುತ್ತೇವೆ, ಅದರಲ್ಲಿ ಹೊಲಿದ ಪ್ಯಾಂಟಿಗೆ 1 ರೂಪಾಯಿ. ತಿಂಗಳಿಗೆ ಸುಮಾರು 3,000 ರೂಪಾಯಿ ಅವರ ಡಬ್ಬಿಗೆ ಹೋಗುತ್ತದೆ. ಡಬ್ಬಿಯ ಲೆಕ್ಕ ಬರೆಯುವುದು ಹೆಲ್ಪರ್ ಹುಡುಗಿ. ಈಗ ಅವಳು ಹೆಲ್ಪರ್ ಅಲ್ಲ, ಬಾರ್‌ಟ್ಯಾಕ್‌ನಲ್ಲಿ ಕೂರುತ್ತಾಳೆ.

ಆಯುಧಪೂಜೆಗೆ ನಮ್ಮ 16 ಮಷಿನ್‌ಗಳಿಗೆ ಒಂದೊಂದು ಎಳೆ ಹೂವು. ಆ ಒಂದಕ್ಕೆ ಸೇವಂತಿಗೆಯ ದೊಡ್ಡ ಹಾರ, ಕುಂಬಳಕಾಯಿ ಬೇರೆ. ಮಾವ ನೋಡಿ ನಕ್ಕರು. ಅತ್ತೆಗೆ ಅದು ಅಷ್ಟೇನೂ ಹಿಡಿಸಲಿಲ್ಲ.

ಕಳೆದ ಶನಿವಾರ ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಬೋರ್ಡಿನ ಮೇಲೆ ಲೆಕ್ಕ ಬರೆದಿತ್ತು. ನನ್ನ ಅಕ್ಷರ ಅಲ್ಲ. ಮಷಿನ್ ತಂದದ್ದು 62,000. ರಿಪೇರಿಗೆ ಇಷ್ಟು, ಎಣ್ಣೆ ಸೂಜಿಗೆ ಇಷ್ಟು, ಈ ಮಷಿನ್ ಬಂದಮೇಲೆ ಯೂನಿಟ್‌ಗೆ ತಿಂಗಳಿಗೆ ಜಾಸ್ತಿ ಆದ ಪ್ಯಾಂಟು ಇಷ್ಟು, ಅದರಿಂದ ಅಕ್ಕನಿಗೆ ಉಳಿದದ್ದು ಇಷ್ಟು. ಕೊನೆಯ ಸಾಲಿನಲ್ಲಿ, ಬಾಡಿಗೆ 1 ರೂಪಾಯಿ 25 ಪೈಸೆ ಆಗಬೇಕು.

ಮನೆಗೆ ಬಂದು ಗಂಡನಿಗೆ ಹೇಳಿದೆ. “ಕಲಿಸಿದ್ದು ನೀನೇ, ಈಗ ನೀನೇ ಕೊಡು” ಅಂತ ಟಿವಿ ಕಡೆ ತಿರುಗಿದರು. ಎರಡು ರಾತ್ರಿ ಕೂತು ಅವರ ಲೆಕ್ಕ ತಿರುವಿ ಹಾಕಿದ್ದೇನೆ. ಸೂಜಿ ಖರ್ಚನ್ನು ಎರಡು ಸಲ ಬರೆದಿದ್ದಾರೆ. ಅದೊಂದು ಬಿಟ್ಟರೆ ತಪ್ಪು ಸಿಕ್ಕಿಲ್ಲ. ಬಟವಾಡೆ ನಾಡಿದ್ದು.